ಲೆಕ್ಕಪತ್ರದ ಕಚೇರಿಯಿಂದ ಮೃದಂಗದ ನಾದದವರೆಗೆ

ಸರ್ ಸಿ.ವಿ. ರಾಮನ್ ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ಫೆಬ್ರುವರಿ 28ರ ವಿಜ್ಞಾನ ದಿನ ಮತ್ತು 1930ರ ನೊಬೆಲ್ ಪ್ರಶಸ್ತಿ. ಸ್ಪರ್ಧಾತ್ಮಕ ಪರೀಕ್ಷೆಗೆ ಅಷ್ಟು ಸಾಕು. ಆದರೆ ಕೆಲಸ ಹುಡುಕುವ ವಯಸ್ಸಿನ ನಾವು ತಿಳಿದುಕೊಳ್ಳಬೇಕಾದ ಇನ್ನೊಬ್ಬ ರಾಮನ್ ಇದ್ದಾರೆ. ಅವರು ಹತ್ತು ವರ್ಷ ಸರ್ಕಾರಿ ಲೆಕ್ಕಪತ್ರ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ವಾದ್ಯಗಳ ನಾದದ ಬೆನ್ನು ಹತ್ತಿದವರು.

ನಾನು ಶೃಂಗೇರಿ ತಾಲ್ಲೂಕಿನ ಬೇಗಾರಿನವನು, ಬಿ.ಇ. ವಿದ್ಯಾರ್ಥಿ. ಪ್ರೋಗ್ರಾಂ ಬರೆದು ಕಂಪ್ಯೂಟರಿನಲ್ಲಿ ನಾದ ಹುಟ್ಟಿಸಬೇಕು, ಅದರಿಂದ ಸಂಗೀತ ಕಟ್ಟಬೇಕು ಎಂಬುದು ನನ್ನ ಆಸೆ. ಇದನ್ನು ಯಾರ ಮುಂದೆ ಹೇಳಿದರೂ ಮೊದಲು ಬರುವ ಪ್ರಶ್ನೆ ಪ್ಯಾಕೇಜ್ ಎಷ್ಟು ಎಂಬುದೇ. ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಹಳದಿ ಎಲೆ ರೋಗ ಹೊಕ್ಕ ಅಡಿಕೆ ತೋಟಗಳ ನಮ್ಮ ಕಡೆ, ಓದಿದ ಮಕ್ಕಳ ಸಂಬಳವನ್ನು ನಂಬಿಕೊಂಡ ಮನೆಗಳು ಬಹಳ ಇವೆ. ಸಂಬಳವೋ ಸಂಗೀತವೋ ಎಂಬ ಗೊಂದಲದಲ್ಲಿ ಇದ್ದಾಗ ರಾಮನ್ ಅವರ ಬದುಕನ್ನು ಓದಿದೆ.

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಕಾಲೇಜಿನ ಅಧ್ಯಾಪಕರು, ಪಿಟೀಲು ನುಡಿಸುತ್ತಿದ್ದರು. 1907ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಎಂ.ಎ. ಮುಗಿಸಿದಾಗ ರಾಮನ್ ಅವರಿಗೆ ಇನ್ನೂ 18 ವರ್ಷ. ಆಗ ಭಾರತದಲ್ಲಿ ವಿಜ್ಞಾನವನ್ನೇ ನಂಬಿ ಬದುಕುವ ಉದ್ಯೋಗಗಳು ತೀರಾ ಕಡಿಮೆ. ಅವರು ಹಣಕಾಸು ಸೇವೆಯ ಪರೀಕ್ಷೆ ಬರೆದು ಮೊದಲ ಸ್ಥಾನ ಪಡೆದರು. ಅದೇ ವರ್ಷ ಲೋಕಸುಂದರಿ ಅವರೊಂದಿಗೆ ಮದುವೆಯೂ ಆಯಿತು. ಆಕೆ ವೀಣೆ ಬಲ್ಲವರು. ಇಬ್ಬರೂ ಕಲ್ಕತ್ತೆಗೆ ಹೋದರು.

ಅಲ್ಲಿ ಬೌಬಜಾರ್ ಬೀದಿಯಲ್ಲಿ ಭಾರತೀಯ ವಿಜ್ಞಾನ ಸಂವರ್ಧನ ಸಂಘದ ಫಲಕ ಅವರ ಕಣ್ಣಿಗೆ ಬಿತ್ತು. ಒಳಗೆ ಪ್ರಯೋಗಶಾಲೆ ಇತ್ತು, ಬಳಸುವವರು ಇರಲಿಲ್ಲ. ರಾಮನ್ ಬೆಳಿಗ್ಗೆ ಕಚೇರಿಗೆ ಹೋಗುವ ಮೊದಲು ಮತ್ತು ಸಂಜೆ ಕಚೇರಿ ಬಿಟ್ಟ ಮೇಲೆ ಅಲ್ಲಿ ಕೂರತೊಡಗಿದರು. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾಯಿತು. ಅಲ್ಲೂ ಅವರು ಕೆಲಸ ನಿಲ್ಲಿಸಲಿಲ್ಲ.

ಅವರು ಆರಿಸಿಕೊಂಡ ವಿಷಯ ನೋಡಿ. ಪ್ರಯೋಗಕ್ಕೆ ದುಬಾರಿ ಯಂತ್ರ ಬೇಡ, ಒಂದು ತಂತಿ ಸಾಕು. ಹಾಗಾಗಿ ತಂತಿಯ ಕಂಪನ, ಏಕತಾರಿ, ಪಿಟೀಲು ಅವರ ಕೈಗೆ ಬಂದವು. ಪಿಟೀಲಿನ ಬಗೆಗಿನ ಅವರ ದೊಡ್ಡ ಗ್ರಂಥ 1918ರಲ್ಲಿ ಹೊರಬಂತು. ಮನುಷ್ಯನ ಕೈ ಪ್ರತಿ ಸಲ ಒಂದೇ ರೀತಿ ಕಮಾನು ಎಳೆಯುವುದಿಲ್ಲವಲ್ಲ! ಅದಕ್ಕೆ 1920ರ ಹೊತ್ತಿಗೆ ಪಿಟೀಲು ನುಡಿಸುವ ಯಂತ್ರವನ್ನೇ ಕಟ್ಟಿದರು. ಅದರಲ್ಲಿ ಕಮಾನು ನಿಂತಲ್ಲೇ ಇರುತ್ತಿತ್ತು, ಪಿಟೀಲೇ ಹಿಂದೆ ಮುಂದೆ ಓಡಾಡುತ್ತಿತ್ತು. ಒತ್ತಡ ಎಷ್ಟು, ವೇಗ ಎಷ್ಟು ಎಂದು ಅಳೆಯಲು ಸಾಧ್ಯವಾಯಿತು.

ಆಮೇಲೆ ಮೃದಂಗ, ತಬಲಾ. ಸಾಮಾನ್ಯ ಚರ್ಮವಾದ್ಯಕ್ಕೆ ಪೆಟ್ಟು ಕೊಟ್ಟರೆ ಮೂಲ ಸ್ವರದ ಜೊತೆ ಅದರ 1.59 ಪಟ್ಟು, 2.14 ಪಟ್ಟು ಹೀಗೆ ಹೊಂದಿಕೆಯಿಲ್ಲದ ಕಂಪನಗಳು ಏಳುತ್ತವೆ. ಆದ್ದರಿಂದ ಅದು ಬರೀ ಸದ್ದು. ಮೃದಂಗದ ನಡುವೆ ಕರಣೆ ಎಂಬ ಕಪ್ಪು ಲೇಪವಿದೆ. ಅದರ ತೂಕದಿಂದ ಕಂಪನಗಳು ಸರಿಹೊಂದಿ 2, 3, 4, 5 ಪಟ್ಟಿನ ಲೆಕ್ಕಕ್ಕೆ ಬರುತ್ತವೆ, ಸದ್ದು ಸ್ವರವಾಗುತ್ತದೆ. ಇದನ್ನು ಶಿವಕಾಲಿ ಕುಮಾರ್ ಅವರ ಜೊತೆ 1920ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದ ನಮ್ಮವರಿಗೆ ಮದ್ದಳೆಯ ಕರಣೆ ಗೊತ್ತು. ಅದರೊಳಗೆ ಇಂಥ ಗಣಿತ ಇರುವುದು ನನಗೆ ಹೊಸ ವಿಷಯವಾಗಿತ್ತು.

ಮರುವರ್ಷ ವೀಣೆ ಮತ್ತು ತಂಬೂರಿಯ ಸರದಿ. ಆಗ ಒಪ್ಪಿಕೊಂಡಿದ್ದ ನಿಯಮದಂತೆ, ತಂತಿಯನ್ನು ಒಂದು ನಿರ್ದಿಷ್ಟ ಜಾಗದಲ್ಲಿ ಮೀಟಿದರೆ ಕೆಲವು ಉಪಸ್ವರಗಳು ಕೇಳಲೇಬಾರದು. ತಂಬೂರಿಯಲ್ಲಿ ಅವೂ ಜೋರಾಗಿ ಕೇಳುತ್ತಿದ್ದವು. ಬಾಗಿದ ಅಗಲವಾದ ಕುದುರೆ ಮತ್ತು ಅದರ ಮೇಲೆ ತಂತಿಯಡಿ ಇಡುವ ದಾರ ಇದಕ್ಕೆ ಕಾರಣ ಎಂದು ರಾಮನ್ ತೋರಿಸಿದರು.

ಇಷ್ಟರೊಳಗೆ ಅವರ ನೌಕರಿ ಬದಲಾಗಿತ್ತು. ಕಲ್ಕತ್ತಾ ವಿಶ್ವವಿದ್ಯಾಲಯದ ಆಶುತೋಷ್ ಮುಖರ್ಜಿ ಅವರು ಪಾಲಿತ್ ಪ್ರಾಧ್ಯಾಪಕ ಹುದ್ದೆಗೆ ಕರೆದಾಗ, 1917ರಲ್ಲಿ ರಾಮನ್ ಸರ್ಕಾರಿ ಕೆಲಸ ಬಿಟ್ಟರು. ಸಂಬಳ ಸುಮಾರು ಅರ್ಧಕ್ಕೆ ಇಳಿಯಿತು. ಜನ ಈ ತ್ಯಾಗವನ್ನು ಹೊಗಳುತ್ತಾರೆ. ನನಗೆ ಅದಕ್ಕಿಂತ ಅದರ ಹಿಂದಿನ ಹತ್ತು ವರ್ಷವೇ ಮುಖ್ಯ. ಕರೆ ಬಂದಾಗ ಅವರ ಬಳಿ ತೋರಿಸಲು ಮಾಡಿಟ್ಟ ಕೆಲಸ ಇತ್ತು. ಕೈಲಿ ಏನೂ ಇಲ್ಲದೆ ರಾಜೀನಾಮೆ ಕೊಟ್ಟವರಲ್ಲ ಅವರು.

ಮುಂದಿನ ಕಥೆ ನಿಮಗೆ ಗೊತ್ತು. 1928ರಲ್ಲಿ ರಾಮನ್ ಪರಿಣಾಮ, 1930ರಲ್ಲಿ ನೊಬೆಲ್. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ನೊಬೆಲ್ ಬಂದ ಮೇಲೂ ಮೃದಂಗವನ್ನು ಮರೆಯಲಿಲ್ಲ. ಇಲ್ಲಿಗೆ ಬಂದ ಮೇಲೆ ಅದರ ಚರ್ಮದ ಮೇಲೆ ನುಣ್ಣನೆಯ ಮರಳು ಉದುರಿಸಿ ಕಂಪನದ ಚಿತ್ರಗಳನ್ನು ತೆಗೆದ ಇನ್ನೊಂದು ಲೇಖನ ಬರೆದರು. 1970ರ ನವೆಂಬರ್ 21ರಂದು ಬೆಂಗಳೂರಿನಲ್ಲೇ ತೀರಿಕೊಂಡರು.

ರಾಮನ್ ಸಾಫ್ಟ್‌ವೇರ್ ಬರೆದವರಲ್ಲ. ಆದರೆ ವಾದ್ಯದ ನಾದವನ್ನು ಕಂಪ್ಯೂಟರಿನಲ್ಲಿ ಕಟ್ಟಲು ಹೊರಟವರಿಗೆ ಅವರ ಲೇಖನಗಳು ಇಂದಿಗೂ ಬೇಕು. 1983ರಲ್ಲಿ ಕಾರ್ಪ್ಲಸ್ ಮತ್ತು ಸ್ಟ್ರಾಂಗ್ ಎಂಬಿಬ್ಬರು ಮೀಟಿದ ತಂತಿಯ ನಾದ ಹುಟ್ಟಿಸುವ ಸರಳ ವಿಧಾನ ಪ್ರಕಟಿಸಿದರು. ಸೆಕೆಂಡಿಗೆ 44,100 ಮಾದರಿಗಳ ಲೆಕ್ಕದಲ್ಲಿ 110 ಹರ್ಟ್ಸ್ ಸ್ವರ ಬೇಕಾದರೆ, ಸುಮಾರು 400 ಯಾದೃಚ್ಛಿಕ ಸಂಖ್ಯೆಗಳ ಸಾಲು ತೆಗೆದುಕೊಂಡು, ಅಕ್ಕಪಕ್ಕದ ಎರಡರ ಸರಾಸರಿ ಮಾಡುತ್ತಾ ಸುತ್ತಿಸುತ್ತಿದ್ದರೆ ಸಾಕು. ಗಿಟಾರಿನಂತೆ ಕೇಳುತ್ತದೆ. ಅದು ತಂಬೂರಿಯಾಗಬೇಕಾದರೆ ರಾಮನ್ ಹೇಳಿದ ಕುದುರೆಯನ್ನೂ ಲೆಕ್ಕಕ್ಕೆ ಸೇರಿಸಬೇಕು. ಬೆಂಗಳೂರಿನಲ್ಲೇ ಎಚ್‌ಎಎಲ್ ಎಂಜಿನಿಯರ್ ಆಗಿದ್ದ ಕೊಳಲು ವಾದಕ ಜಿ. ರಾಜ್‌ನಾರಾಯಣ್ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ರೂಪಿಸಿ ರಾಡೆಲ್ ಸಂಸ್ಥೆ ಕಟ್ಟಿದರು. ಅಂದರೆ ಈ ದಾರಿಯಲ್ಲಿ ನಮ್ಮ ರಾಜ್ಯದಲ್ಲೇ ನಡೆದವರಿದ್ದಾರೆ.

ರಾಮನ್ ಅವರಿಗೆ ಅನುಕೂಲಗಳೂ ಇದ್ದವು. ಒಳ್ಳೆಯ ಹುದ್ದೆ ಇತ್ತು, ಬಾಗಿಲು ತೆರೆದ ಪ್ರಯೋಗಶಾಲೆ ಸಿಕ್ಕಿತು, ಮನೆಯ ಭಾರವನ್ನು ಲೋಕಸುಂದರಿ ಹೊತ್ತರು. ಎಲ್ಲರಿಗೂ ಇಷ್ಟು ಸಿಗುವುದಿಲ್ಲ. ಆದರೆ ಇಂದು ಒಂದು ಹಳೆಯ ಲ್ಯಾಪ್‌ಟಾಪ್ ಮತ್ತು ಉಚಿತ ತಂತ್ರಾಂಶವಿದ್ದರೆ ನಾದದ ಪ್ರಯೋಗಶಾಲೆ ಸಿದ್ಧ.

ಹಾಗಾಗಿ ನನ್ನ ಲೆಕ್ಕ ಇಷ್ಟು. ಪ್ಲೇಸ್‌ಮೆಂಟಿನಲ್ಲಿ ಸಿಗುವ ಕೆಲಸಕ್ಕೆ ಸೇರುತ್ತೇನೆ, ಮನೆಗೆ ಹಣ ಕಳಿಸುತ್ತೇನೆ. ಬೆಳಿಗ್ಗೆ ಒಂದು ಗಂಟೆಯನ್ನು ಮಾತ್ರ ಯಾರಿಗೂ ಬಿಟ್ಟುಕೊಡುವುದಿಲ್ಲ. ಮೊದಲ ಕೆಲಸ ಮದ್ದಳೆಯ ಒಂದು ಪೆಟ್ಟು, ಕರಣೆಯ ಸಮೇತ. ನಿಮಗೂ ಇಂಥದ್ದೊಂದು ಆಸೆ ಇದ್ದರೆ, ಸರಿಯಾದ ನೌಕರಿ ಸಿಗಲಿ ಎಂದು ಕಾಯಬೇಡಿ. ದಿನದಲ್ಲಿ ಆ ಒಂದು ಗಂಟೆ ಎಲ್ಲಿದೆ ಎಂದು ಇವತ್ತೇ ಹುಡುಕಿ.