ಎರಿಕ್ ಹಾಸ್ಕಿಂಗ್

ಎರಿಕ್ ಜಾನ್ ಹಾಸ್ಕಿಂಗ್ (2 ಅಕ್ಟೋಬರ್ 1909 – 22 ಫೆಬ್ರವರಿ 1991) ಇಂಗ್ಲೆಂಡಿನ ಪ್ರಸಿದ್ಧ ಪಕ್ಷಿ ಛಾಯಾಗ್ರಾಹಕರು. ಹಕ್ಕಿಗಳ ಛಾಯಾಚಿತ್ರಣವನ್ನೇ ಜೀವನೋಪಾಯವಾಗಿ ಮಾಡಿಕೊಂಡ ಮೊದಲಿಗರಲ್ಲಿ ಇವರು ಒಬ್ಬರು. ಗಾಜಿನ ಫಲಕಗಳನ್ನು ಬಳಸುತ್ತಿದ್ದ ಭಾರದ ಕ್ಯಾಮೆರಾದಿಂದ 35 ಮಿಲಿಮೀಟರ್ ಫಿಲ್ಮ್ ಮತ್ತು ಟೆಲಿಫೋಟೊ ಲೆನ್ಸ್‌ಗಳವರೆಗೆ ಸುಮಾರು ಆರು ದಶಕಗಳ ಬದಲಾವಣೆಯನ್ನು ಇವರು ಸ್ವತಃ ಕೆಲಸ ಮಾಡುತ್ತಲೇ ಕಂಡರು. ರಾತ್ರಿಯ ಹಕ್ಕಿಗಳ, ಅದರಲ್ಲಿಯೂ ಗೂಬೆಗಳ ಚಿತ್ರಗಳಿಗಾಗಿ ಇವರ ಹೆಸರು ಇಂದಿಗೂ ಉಳಿದಿದೆ. ಒಂದು ಗೂಬೆಯ ದಾಳಿಯಿಂದಲೇ ಇವರು ತಮ್ಮ ಎಡಗಣ್ಣನ್ನು ಕಳೆದುಕೊಂಡರು.

ಆರಂಭದ ದಿನಗಳು

ಹಾಸ್ಕಿಂಗ್ ಲಂಡನ್ನಿನಲ್ಲಿ ಜನಿಸಿದರು. ಓದಿನಲ್ಲಿ ಅವರು ಮುಂದಿರಲಿಲ್ಲ. ಹಕ್ಕಿಗಳ ಮೇಲಿನ ಆಸಕ್ತಿ ಮಾತ್ರ ಬಾಲ್ಯದಿಂದಲೇ ಇತ್ತು. ಕೊಡಕ್ ಸಂಸ್ಥೆಯ ಅಗ್ಗದ ಬಾಕ್ಸ್ ಬ್ರೌನಿ ಕ್ಯಾಮೆರಾ ಅವರ ಮೊದಲ ಸಾಧನವಾಯಿತು. ಬ್ರೌನಿ ಕ್ಯಾಮೆರಾದ ಲೆನ್ಸ್ ಸ್ಥಿರವಾದದ್ದು. ಅದರಲ್ಲಿ ಕೆಲವೇ ಮೀಟರ್ ದೂರದ ಹಕ್ಕಿಯೂ ಚುಕ್ಕೆಯಂತೆ ಕಾಣುತ್ತದೆ. ಪಕ್ಷಿ ಛಾಯಾಗ್ರಹಣಕ್ಕೆ ಕೈಹಾಕಿದ ಯಾರಿಗೂ ಎದುರಾಗುವ ಮೊದಲ ತೊಡಕು ಇದೇ: ಹಕ್ಕಿ ಚಿಕ್ಕದು, ಹತ್ತಿರ ಹೋದರೆ ಹಾರಿಹೋಗುತ್ತದೆ.

ಶಾಲೆ ಬಿಟ್ಟ ನಂತರ ಹಾಸ್ಕಿಂಗ್ ಮೋಟಾರು ವಾಹನ ಮಾರಾಟ ಮಾಡುವ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರಿದರು. 1929ರಲ್ಲಿ ಆ ಕೆಲಸ ಹೋಯಿತು. ಆಗ ಅವರಿಗೆ ಇಪ್ಪತ್ತರ ಪ್ರಾಯ. ಅದೇ ಸಮಯದಲ್ಲಿ ಲಂಡನ್ ಮೃಗಾಲಯದ ಆನೆ ಸೀಲ್ ಎಂಬ ಬೃಹತ್ ಕಡಲಪ್ರಾಣಿಯ ಪಕ್ಕದಲ್ಲಿ ಪುಟ್ಟ ಹುಡುಗಿಯೊಬ್ಬಳನ್ನು ನಿಲ್ಲಿಸಿ ಅವರು ತೆಗೆದ ಚಿತ್ರ ಪತ್ರಿಕೆಯಲ್ಲಿ ಪ್ರಕಟವಾಗಿ ಹಣ ತಂದುಕೊಟ್ಟಿತು. ಮುಂದೆ ಮಕ್ಕಳ ಚಿತ್ರ, ಮದುವೆಯ ಚಿತ್ರ ಮೊದಲಾದವುಗಳಿಂದ ಹೊಟ್ಟೆ ಹೊರೆಯುತ್ತ, ವಸಂತ ಮತ್ತು ಬೇಸಿಗೆಯ ತಿಂಗಳುಗಳನ್ನು ಹಕ್ಕಿಗಳಿಗೆಂದು ಮೀಸಲಿಟ್ಟರು.

ಇಂಗ್ಲೆಂಡಿನಲ್ಲಿ ಅವರಿಗೆ ಮೊದಲು ಈ ದಾರಿಯಲ್ಲಿ ನಡೆದವರು ರಿಚರ್ಡ್ ಮತ್ತು ಚೆರ್ರಿ ಕೇರ್ಟನ್ ಸಹೋದರರು. ಹಕ್ಕಿಗೂಡುಗಳ ನೈಜ ಛಾಯಾಚಿತ್ರಗಳನ್ನು ಒಳಗೊಂಡ ಅವರ ಪುಸ್ತಕ 1895ರಲ್ಲಿ ಬಂದಿತ್ತು. ಹಕ್ಕಿಗಳ ಕಣ್ತಪ್ಪಿಸಲು ಅವರು ಟೊಳ್ಳಾದ ಕೃತಕ ಎತ್ತನ್ನು ನಿರ್ಮಿಸಿ ಅದರೊಳಗೆ ಕ್ಯಾಮೆರಾದೊಂದಿಗೆ ಅಡಗಿ ಕುಳಿತದ್ದೂ ಉಂಟು. ಹಾಸ್ಕಿಂಗ್ ಆರಿಸಿಕೊಂಡದ್ದು ಅದಕ್ಕಿಂತ ಸರಳವಾದ, ಆದರೆ ಹೆಚ್ಚು ತಾಳ್ಮೆ ಬೇಡುವ ವಿಧಾನ.

ಮರೆಗುಡಾರ ಮತ್ತು ಲೆನ್ಸಿನ ಲೆಕ್ಕ

ಛಾಯಾಚಿತ್ರದಲ್ಲಿ ಹಕ್ಕಿಯ ಬಿಂಬ ಎಷ್ಟು ದೊಡ್ಡದಾಗಿ ಮೂಡುತ್ತದೆ ಎಂಬುದು ಎರಡು ಸಂಗತಿಗಳನ್ನು ಅವಲಂಬಿಸಿದೆ. ಒಂದು, ಲೆನ್ಸಿನ ಸಂಗಮದೂರ; ಇನ್ನೊಂದು, ಹಕ್ಕಿಗೂ ಕ್ಯಾಮೆರಾಕ್ಕೂ ನಡುವಿನ ಅಂತರ. 20 ಸೆಂಟಿಮೀಟರ್ ಉದ್ದದ ಹಕ್ಕಿಯೊಂದು 10 ಮೀಟರ್ ದೂರದಲ್ಲಿದ್ದು, ಲೆನ್ಸಿನ ಸಂಗಮದೂರ 400 ಮಿಲಿಮೀಟರ್ ಆಗಿದ್ದರೆ ಫಿಲ್ಮಿನ ಮೇಲೆ ಮೂಡುವ ಬಿಂಬ ಸುಮಾರು 8 ಮಿಲಿಮೀಟರ್. ದೂರವನ್ನು 5 ಮೀಟರ್‌ಗೆ ಇಳಿಸಿದರೆ 200 ಮಿಲಿಮೀಟರ್ ಲೆನ್ಸಿನಲ್ಲಿಯೂ ಹೆಚ್ಚು ಕಡಿಮೆ ಅಷ್ಟೇ ಬಿಂಬ ದೊರೆಯುತ್ತದೆ. ಎಂದರೆ ಲೆನ್ಸನ್ನು ಉದ್ದ ಮಾಡುವುದು ಒಂದು ದಾರಿ, ಹತ್ತಿರ ಹೋಗುವುದು ಮತ್ತೊಂದು.

1930ರ ದಶಕದಲ್ಲಿ ಮೊದಲ ದಾರಿ ಬಹಳ ಕಠಿಣವಾಗಿತ್ತು. ಆಗಿನ ಫಲಕಗಳು ಬೆಳಕಿಗೆ ಇಂದಿನಷ್ಟು ಸಂವೇದನಾಶೀಲವಾಗಿರಲಿಲ್ಲ. ಉದ್ದದ ಲೆನ್ಸ್‌ಗಳು ಭಾರವಾಗಿದ್ದು, ಒಳಕ್ಕೆ ಬಿಡುವ ಬೆಳಕೂ ಕಡಿಮೆ. ಬೆಳಕು ಕಡಿಮೆಯಾದಾಗ ಷಟರನ್ನು ಹೆಚ್ಚು ಹೊತ್ತು ತೆರೆದಿಡಬೇಕು. ಉದ್ದದ ಲೆನ್ಸಿನಲ್ಲಿ ಕ್ಯಾಮೆರಾದ ಅಲ್ಪ ಅಲುಗಾಟವೂ ಹಿಗ್ಗಿ ಕಾಣುವುದರಿಂದ ಚಿತ್ರ ಕದಡುತ್ತದೆ. ಆದ್ದರಿಂದ ಹಾಸ್ಕಿಂಗ್ ಎರಡನೆಯ ದಾರಿಯನ್ನು ಹಿಡಿದರು. ಹೈಡ್ ಎಂದು ಕರೆಯಲಾಗುವ ಬಟ್ಟೆಯ ಮರೆಗುಡಾರದೊಳಗೆ, ಗೂಡಿನಿಂದ ಕೆಲವೇ ಮೀಟರ್ ಅಂತರದಲ್ಲಿ, ಮುಕ್ಕಾಲಿಯ ಮೇಲೆ ಕ್ಯಾಮೆರಾ ಇಟ್ಟು ಗಂಟೆಗಟ್ಟಲೆ ಕಾಯುತ್ತಿದ್ದರು. ಬಹುಕಾಲ ಅವರ ಮುಖ್ಯ ಸಾಧನವಾಗಿದ್ದದ್ದು ಸ್ಯಾಂಡರ್ಸನ್ ಎಂಬ ಮರದ ಚೌಕಟ್ಟಿನ ಫಲಕ ಕ್ಯಾಮೆರಾ. ಒಂದು ಚಿತ್ರ ತೆಗೆದ ಮೇಲೆ ಫಲಕವನ್ನು ಬದಲಿಸಬೇಕಾಗಿದ್ದುದರಿಂದ ತಪ್ಪಿಹೋದ ಕ್ಷಣ ಮರಳಿ ಬರುತ್ತಿರಲಿಲ್ಲ. ಷಟರಿನ ಸದ್ದು ಕೂಡ ಹಕ್ಕಿಯನ್ನು ಬೆದರಿಸಬಲ್ಲದು.

ಮರೆಗುಡಾರವನ್ನು ಒಮ್ಮೆಗೇ ಗೂಡಿನ ಪಕ್ಕದಲ್ಲಿ ನಿಲ್ಲಿಸುವಂತಿಲ್ಲ. ಮೊದಲು ದೂರದಲ್ಲಿ ನಿಲ್ಲಿಸಿ, ತಾಯಿಹಕ್ಕಿ ಅದಕ್ಕೆ ಹೊಂದಿಕೊಂಡ ನಂತರ ಕೆಲವು ದಿನಗಳ ಅವಧಿಯಲ್ಲಿ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸರಿಸಬೇಕು. ಹಕ್ಕಿ ಗೂಡಿಗೆ ಮರಳಲು ಹಿಂಜರಿದರೆ ಗುಡಾರವನ್ನು ಹಿಂದಕ್ಕೆ ಒಯ್ಯಬೇಕು. ಛಾಯಾಗ್ರಾಹಕ ಒಳಗೆ ಹೋಗುವಾಗ ಇನ್ನೊಬ್ಬರು ಜೊತೆಗೆ ಬಂದು, ಎಲ್ಲರಿಗೂ ಕಾಣುವಂತೆ ಹಿಂದಿರುಗಿ ಹೋಗುತ್ತಾರೆ. ಬಂದವರು ಇಬ್ಬರು, ಹೋದವರು ಒಬ್ಬರು ಎಂಬ ಲೆಕ್ಕ ಹಕ್ಕಿಗೆ ಹೊಳೆಯುವುದಿಲ್ಲ. ಚಿತ್ರಕ್ಕಿಂತ ಹಕ್ಕಿಯ ಮತ್ತು ಮರಿಗಳ ಕ್ಷೇಮವೇ ಮೊದಲು ಎಂಬುದನ್ನು ಹಾಸ್ಕಿಂಗ್ ತಮ್ಮ ಬರಹಗಳಲ್ಲಿಯೂ ಉಪನ್ಯಾಸಗಳಲ್ಲಿಯೂ ಪ್ರತಿಪಾದಿಸಿದರು.

ಕಣ್ಣು ಕಳೆದುಕೊಂಡ ಪ್ರಸಂಗ

1937ರ ಮೇ ತಿಂಗಳಿನಲ್ಲಿ ಹಾಸ್ಕಿಂಗ್ ವೇಲ್ಸ್ ಪ್ರಾಂತ್ಯದ ಡೋಲ್‌ಡೌಲಾಡ್ ಎಂಬಲ್ಲಿ ಟಾನಿ ಗೂಬೆಯ ಗೂಡಿನ ಬಳಿ ಕೆಲಸ ಮಾಡುತ್ತಿದ್ದರು. ಈ ಜಾತಿಯ ಗೂಬೆ ಮರಿಗಳಿರುವಾಗ ಗೂಡಿನ ಹತ್ತಿರ ಬಂದವರ ಮೇಲೆ ಎರಗುವುದು ತಿಳಿದ ಸಂಗತಿ. ಮರೆಗುಡಾರವನ್ನು ಎತ್ತರದ ಅಟ್ಟಣೆಯ ಮೇಲೆ ಕಟ್ಟಲಾಗಿತ್ತು. ಒಂದು ರಾತ್ರಿ ಅವರು ಕತ್ತಲೆಯಲ್ಲಿ ಗುಡಾರದತ್ತ ಹೋದಾಗ ಗೂಬೆ ಎರಗಿ, ಅದರ ಉಗುರು ಅವರ ಎಡಗಣ್ಣಿಗೆ ನಾಟಿತು. ಗೂಬೆಯ ರೆಕ್ಕೆಗರಿಗಳ ಅಂಚು ಮೃದುವಾಗಿರುವುದರಿಂದ ಅದು ಹಾರುವಾಗ ಸದ್ದಾಗುವುದಿಲ್ಲ, ಮುನ್ಸೂಚನೆಯೇ ಇರಲಿಲ್ಲ.

ಲಂಡನ್ನಿನ ಕಣ್ಣಿನ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯಿತಾದರೂ ಗಾಯಕ್ಕೆ ಸೋಂಕು ತಗುಲಿತು. ಪ್ರತಿಜೀವಕ ಔಷಧಗಳು ಬಳಕೆಗೆ ಬಂದಿರದ ಕಾಲ ಅದು. ಗಾಯಗೊಂಡ ಕಣ್ಣನ್ನು ಉಳಿಸಿಕೊಳ್ಳಲು ಹೋದರೆ ಇನ್ನೊಂದು ಕಣ್ಣಿಗೂ ಅಪಾಯವಿತ್ತು. ಇಪ್ಪತ್ತೇಳರ ವಯಸ್ಸಿನ ಹಾಸ್ಕಿಂಗ್ ಎಡಗಣ್ಣನ್ನು ತೆಗೆಸಲು ಒಪ್ಪಿದರು. ಕಣ್ಣನ್ನೇ ನಂಬಿದ ವೃತ್ತಿ ಅವರದು. ಒಂದೇ ಕಣ್ಣಿನಲ್ಲಿ ನೋಡುವವರಿಗೆ ವಸ್ತುವಿನ ದೂರವನ್ನು ಅಂದಾಜು ಮಾಡುವುದು ಕಷ್ಟ. ಹಕ್ಕಿಗಳನ್ನು ಹುಡುಕುವ ಮತ್ತು ಮರ, ಅಟ್ಟಣೆಗಳನ್ನು ಏರಿಳಿಯುವ ಕೆಲಸಕ್ಕೆ ಇದು ಸಣ್ಣ ಕೊರತೆಯಲ್ಲ. ಆದರೂ ಆಸ್ಪತ್ರೆಯಿಂದ ಹೊರಬಂದ ಅವರು ಗೂಬೆಗಳ ಚಿತ್ರಣಕ್ಕೇ ಮರಳಿದರು. ಪತ್ರಿಕೆಗಳು ಈ ಸುದ್ದಿಯನ್ನು ವ್ಯಾಪಕವಾಗಿ ಪ್ರಕಟಿಸಿದ್ದರಿಂದ ಅವರ ಹೆಸರು ದೇಶದಲ್ಲೆಲ್ಲ ಪರಿಚಿತವಾಯಿತು. 1970ರಲ್ಲಿ ಫ್ರಾಂಕ್ ಲೇನ್ ಅವರೊಡನೆ ಬರೆದ ಆತ್ಮಕಥೆಯ ಹೆಸರು 'ಆ್ಯನ್ ಐ ಫಾರ್ ಎ ಬರ್ಡ್'. ಹಕ್ಕಿಯನ್ನು ಗುರುತಿಸುವ ಕಣ್ಣು, ಹಕ್ಕಿಗಾಗಿ ತೆತ್ತ ಕಣ್ಣು ಎಂಬ ಎರಡೂ ಅರ್ಥಗಳು ಅದರಲ್ಲಿವೆ.

ಫ್ಲ್ಯಾಷ್ ಬೆಳಕಿನ ಪ್ರಯೋಗಗಳು

ರಾತ್ರಿಯ ಹಕ್ಕಿಗಳಿಗೆ ಹಾಸ್ಕಿಂಗ್ ಮೊದಲು ಬಳಸಿದ್ದು ಒಮ್ಮೆ ಮಾತ್ರ ಉರಿಯುವ ಫ್ಲ್ಯಾಷ್ ಬಲ್ಬುಗಳನ್ನು. ಬಲ್ಬಿನ ಬೆಳಕು ಸಾಕಷ್ಟಿದ್ದರೂ ಅದು ಉರಿಯುವ ಅವಧಿ ಹಾರುವ ರೆಕ್ಕೆಯನ್ನು ಸ್ಥಿರವಾಗಿ ಹಿಡಿಯುವಷ್ಟು ಕಿರಿದಾಗಿರಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಫಿಲಿಪ್ ಹೆನ್ರಿ ಎಂಬ ತಂತ್ರಜ್ಞರ ನೆರವಿನಿಂದ ಅವರು ಎಲೆಕ್ಟ್ರಾನಿಕ್ ಫ್ಲ್ಯಾಷ್ ಬಳಸಲಾರಂಭಿಸಿದರು. ಇದು ಸೆಕೆಂಡಿನ ಸಾವಿರಾರು ಭಾಗಗಳಲ್ಲಿ ಒಂದು ಭಾಗದಷ್ಟು ಮಾತ್ರ ಹೊಳೆಯುತ್ತದೆ. ಇಲ್ಲಿ ಚಲನೆಯನ್ನು ತಡೆದು ನಿಲ್ಲಿಸುವುದು ಷಟರ್ ಅಲ್ಲ, ಬೆಳಕೇ. ಬೆಳಕು ಪ್ರಬಲವಾಗಿದ್ದುದರಿಂದ ಲೆನ್ಸಿನ ಅಪರ್ಚರನ್ನು ಕಿರಿದಾಗಿಸಲು ಸಾಧ್ಯವಾಯಿತು. ಆಗ ಕೊಕ್ಕಿನಿಂದ ಬಾಲದವರೆಗೆ ಹಕ್ಕಿಯ ಹೆಚ್ಚಿನ ಭಾಗ ಸ್ಪಷ್ಟವಾಗಿ ಮೂಡುತ್ತದೆ.

ಹಾರುವ ಹಕ್ಕಿಯನ್ನು ಕಂಡು ಮನುಷ್ಯನ ಬೆರಳು ಗುಂಡಿ ಒತ್ತುವ ವೇಳೆಗೆ ಅದು ಚೌಕಟ್ಟನ್ನು ದಾಟಿರುತ್ತದೆ. ಇದಕ್ಕೂ ಪರಿಹಾರ ಸಿಕ್ಕಿತು. ಹಕ್ಕಿ ಬರುವ ದಾರಿಯಲ್ಲಿ ಬೆಳಕಿನ ಕಿರಣವೊಂದನ್ನು ಹಾಯಿಸಿ, ಅದು ತುಂಡಾದೊಡನೆ ದ್ಯುತಿವಿದ್ಯುತ್ ಕೋಶವು ಕ್ಯಾಮೆರಾವನ್ನು ಚಾಲಿಸುವಂತೆ ಮಾಡಲಾಯಿತು. ಹಕ್ಕಿ ತನ್ನ ಚಿತ್ರವನ್ನು ತಾನೇ ತೆಗೆದುಕೊಂಡಂತಾಯಿತು. ಆದರೆ ಈ ಉಪಕರಣಗಳು ಭಾರವಾಗಿದ್ದವು. ಫ್ಲ್ಯಾಷಿನ ಬೆಳಕು ದೂರದ ವರ್ಗಕ್ಕೆ ಅನುಗುಣವಾಗಿ ಕುಗ್ಗುತ್ತದೆ. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಹೀಗಾಗಿ ಫ್ಲ್ಯಾಷ್ ಬಳಸುವಾಗಲೂ ಹಕ್ಕಿಯ ಸಮೀಪವಿರುವುದು ಅನಿವಾರ್ಯವಾಗಿತ್ತು.

1948ರಲ್ಲಿ ತೆಗೆದ ಕಣಜ ಗೂಬೆಯ ಚಿತ್ರ ಹಾಸ್ಕಿಂಗ್ ಅವರ ಅತ್ಯಂತ ಪ್ರಸಿದ್ಧ ಕೃತಿ. ವೋಲ್ ಎಂಬ ಇಲಿಜಾತಿಯ ಪ್ರಾಣಿಯನ್ನು ಕೊಕ್ಕಿನಲ್ಲಿ ಕಚ್ಚಿಕೊಂಡ ಗೂಬೆ ಎರಡೂ ರೆಕ್ಕೆಗಳನ್ನು ಬಿಡಿಸಿ ನೇರವಾಗಿ ನೋಡುಗರತ್ತ ಮುಖ ಮಾಡಿದೆ. ರಾಜಮನೆತನಗಳ ಲಾಂಛನದಲ್ಲಿ ಕಾಣುವ ಹಕ್ಕಿಯನ್ನು ಹೋಲುವುದರಿಂದ ಇದಕ್ಕೆ ಲಾಂಛನದ ಗೂಬೆ ಎಂಬ ಅರ್ಥದ ಹೆಸರು ಬಂದಿತು. ಕಪ್ಪು ಬಿಳುಪಿನ ಈ ಚಿತ್ರದಲ್ಲಿ ಗರಿಗರಿಯೂ ಸ್ಪಷ್ಟವಾಗಿದೆ.

ಟೆಲಿಫೋಟೊ ಲೆನ್ಸ್‌ಗಳ ಕಾಲ

35 ಮಿಲಿಮೀಟರ್ ಫಿಲ್ಮಿನ ಏಕಲೆನ್ಸ್ ರಿಫ್ಲೆಕ್ಸ್ ಕ್ಯಾಮೆರಾಗಳು ಸುಧಾರಿಸಿದಂತೆ ಹಾಸ್ಕಿಂಗ್ ಅವುಗಳತ್ತ ತಿರುಗಿದರು. ಜೈಸ್ ಕಾಂಟಾರೆಕ್ಸ್ ಕ್ಯಾಮೆರಾವನ್ನೂ ನಂತರದ ವರ್ಷಗಳಲ್ಲಿ ಹಗುರವಾದ ಒಲಿಂಪಸ್ ಓಎಂ ಶ್ರೇಣಿಯ ಕ್ಯಾಮೆರಾಗಳನ್ನೂ ಬಳಸಿದರು. ಫಿಲ್ಮಿನ ಚೌಕಟ್ಟು ಕೇವಲ 36×24 ಮಿಲಿಮೀಟರ್ ಆದುದರಿಂದ 400 ಮಿಲಿಮೀಟರ್ ಲೆನ್ಸಿನಿಂದ ದೊರೆಯುವ ಸಣ್ಣ ಬಿಂಬವೂ ಚಿತ್ರದ ಗಣನೀಯ ಭಾಗವನ್ನು ತುಂಬುತ್ತದೆ. ಸಾಮಾನ್ಯ 50 ಮಿಲಿಮೀಟರ್ ಲೆನ್ಸಿಗೆ ಹೋಲಿಸಿದರೆ ಇದು ಎಂಟು ಪಟ್ಟು ದೊಡ್ಡ ಬಿಂಬ. ಇಂತಹ ಲೆನ್ಸನ್ನು ಕೈಯಲ್ಲೇ ಹಿಡಿದು ಬಳಸುವಾಗ ಷಟರ್ ವೇಗ ಸೆಕೆಂಡಿನ 1/400 ಭಾಗಕ್ಕಿಂತ ನಿಧಾನವಾಗಿರಬಾರದೆಂಬುದು ಛಾಯಾಗ್ರಾಹಕರು ಪಾಲಿಸುವ ರೂಢಿ. ಗೂಡಿನಿಂದ ದೂರವಿರುವ, ಹಾರುವ, ಬೇಟೆಯಾಡುವ ಹಕ್ಕಿಗಳನ್ನು ಹಿಡಿಯಲು ಇದರಿಂದ ಅವಕಾಶವಾಯಿತು. 1973ರಲ್ಲಿ ಜಾನ್ ಗೂಡರ್ಸ್ ಅವರೊಂದಿಗೆ ಬರೆದ ವನ್ಯಜೀವಿ ಛಾಯಾಗ್ರಹಣದ ಕೈಪಿಡಿ ಈ ಅನುಭವದ ಫಲ.

ಈ ಬದಲಾವಣೆಗೆ ಇನ್ನೊಂದು ಮಗ್ಗುಲಿದೆ. ಗೂಡಿನ ಬಳಿಯ ಛಾಯಾಗ್ರಹಣದಿಂದ ಅಪರೂಪದ ಹಕ್ಕಿಗಳು ತೊಂದರೆಗೊಳಗಾಗುತ್ತವೆ ಎಂಬ ಆತಂಕ ಬೆಳೆದು, 1967ರ ಬ್ರಿಟಿಷ್ ಕಾಯಿದೆಯ ನಂತರ ಸಂರಕ್ಷಿತ ಪಟ್ಟಿಯ ಹಕ್ಕಿಗಳ ಗೂಡಿನ ಬಳಿ ಚಿತ್ರ ತೆಗೆಯಲು ಅನುಮತಿ ಪಡೆಯಬೇಕಾಯಿತು. ಹಾಸ್ಕಿಂಗ್ ಅವರ ಅನೇಕ ಪ್ರಸಿದ್ಧ ಚಿತ್ರಗಳು ಗೂಡಿನ ಬಳಿಯವೇ. ಅವುಗಳನ್ನು ಇಂದು ನೋಡುವಾಗ ಆ ಕಾಲದ ಸಾಧನಗಳ ಮಿತಿಯನ್ನು ನೆನಪಿನಲ್ಲಿಡುವುದು ಉಚಿತ. ಆದರೆ ಉದ್ದದ ಲೆನ್ಸ್ ದೊರೆಯುವ ಕಾಲದಲ್ಲಿ ಅದೇ ವಿಧಾನವನ್ನು ಅನುಕರಿಸುವುದಕ್ಕೆ ಅವು ಸಮರ್ಥನೆಯಾಗಲಾರವು.

ಯಾತ್ರೆಗಳು ಮತ್ತು ಪುಸ್ತಕಗಳು

1950ರ ದಶಕದಲ್ಲಿ ಗೈ ಮೌಂಟ್‌ಫರ್ಟ್ ಅವರ ನೇತೃತ್ವದಲ್ಲಿ ಸ್ಪೇನಿನ ಕೋಟೊ ದೊನ್ಯಾನಾ ಜೌಗುಪ್ರದೇಶಕ್ಕೆ ಹೋದ ತಂಡಗಳಲ್ಲಿ ಹಾಸ್ಕಿಂಗ್ ಛಾಯಾಗ್ರಾಹಕರಾಗಿದ್ದರು. ಆ ಪ್ರದೇಶ 1969ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಡ್ಯಾನ್ಯೂಬ್ ನದಿಪಾತ್ರ, ಜೋರ್ಡಾನಿನ ಮರುಭೂಮಿ ಮತ್ತು ಪಾಕಿಸ್ತಾನದ ಯಾತ್ರೆಗಳಲ್ಲಿಯೂ ಅವರು ಭಾಗವಹಿಸಿದರು. ಕಾಲಿನ್ಸ್ ಪ್ರಕಾಶನದ 'ನ್ಯೂ ನ್ಯಾಚುರಲಿಸ್ಟ್' ಮಾಲೆ 1945ರಲ್ಲಿ ಆರಂಭವಾದಾಗ ಅದರ ಛಾಯಾಚಿತ್ರ ಸಂಪಾದಕರಾದರು. ಸಿರಿಲ್ ನ್ಯೂಬೆರಿ ಅವರೊಂದಿಗೆ ಬರೆದ 'ದಿ ಆರ್ಟ್ ಆಫ್ ಬರ್ಡ್ ಫೋಟೋಗ್ರಫಿ' (1944) ಮತ್ತು 'ಬರ್ಡ್ಸ್ ಆಫ್ ದಿ ನೈಟ್' (1945) ಅವರ ಗಮನಾರ್ಹ ಪುಸ್ತಕಗಳು. ಗೂಬೆಗಳನ್ನು ಕುರಿತ ಪುಸ್ತಕ 1982ರಲ್ಲಿ ಜಿಮ್ ಫ್ಲೆಗ್ ಅವರೊಂದಿಗೆ ಹೊರಬಂದಿತು.

ಗೌರವಗಳು ಮತ್ತು ನಿಧನ

ಹಾಸ್ಕಿಂಗ್ ಅವರಿಗೆ 1977ರಲ್ಲಿ ಒಬಿಇ ಗೌರವ ದೊರೆಯಿತು. ಬ್ರಿಟನ್ನಿನ ರಾಯಲ್ ಪಕ್ಷಿ ಸಂರಕ್ಷಣಾ ಸಂಘದ ಉಪಾಧ್ಯಕ್ಷರೂ ಆಗಿದ್ದರು. 1939ರಲ್ಲಿ ವಿವಾಹವಾದ ಪತ್ನಿ ಡೊರೊತಿ ಅವರು ಬಾಳಿನುದ್ದಕ್ಕೂ ಅವರ ಕೆಲಸಕ್ಕೆ ನೆರವಾದರು. 22 ಫೆಬ್ರವರಿ 1991ರಂದು ಹಾಸ್ಕಿಂಗ್ ನಿಧನರಾದರು. ಅವರ ಮಗ ಡೇವಿಡ್ ಸಹ ವನ್ಯಜೀವಿ ಛಾಯಾಗ್ರಾಹಕರಾದರು. ಎರಿಕ್ ಹಾಸ್ಕಿಂಗ್ ಅವರ ಹೆಸರಿನ ದತ್ತಿಸಂಸ್ಥೆಯೊಂದು ನಿಸರ್ಗದ ಕುರಿತ ಅಧ್ಯಯನ ಮತ್ತು ಕಲೆಗೆ ಸಹಾಯಧನ ನೀಡುತ್ತ ಬಂದಿದೆ.