ಸೈನಿಕರ ತಲೆ ಕಾಯ್ದ ವೈದ್ಯ ಹ್ಯೂ ಕೇರ್ನ್ಸ್

1935ರ ಮೇ 13ರಂದು ಇಂಗ್ಲೆಂಡಿನ ಡಾರ್ಸೆಟ್ ಪ್ರದೇಶದ ಹಳ್ಳಿ ರಸ್ತೆಯಲ್ಲಿ ಮಾಜಿ ಸೈನಿಕರೊಬ್ಬರು ಬೈಕಿನಿಂದ ಬಿದ್ದರು. ಸೈಕಲ್ ಮೇಲಿದ್ದ ಇಬ್ಬರು ಹುಡುಗರಿಗೆ ತಾಗದಂತೆ ತಪ್ಪಿಸಲು ಹೋಗಿ ಆದ ಅಪಘಾತವದು. ಅವರು ಅರೇಬಿಯಾದ ಲಾರೆನ್ಸ್ ಎಂದೇ ಹೆಸರಾಗಿದ್ದ ಟಿ.ಇ. ಲಾರೆನ್ಸ್. ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಆರು ದಿನಗಳ ನಂತರ ತೀರಿಕೊಂಡರು. ಅವರನ್ನು ನೋಡಲು ಕರೆಸಲಾಗಿದ್ದ ತಜ್ಞರಲ್ಲಿ ಮೆದುಳಿನ ಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಒಬ್ಬರು.

ಕೇರ್ನ್ಸ್ ಹುಟ್ಟಿದ್ದು 1896ರಲ್ಲಿ, ದಕ್ಷಿಣ ಆಸ್ಟ್ರೇಲಿಯಾದ ಪೋರ್ಟ್ ಪಿರಿಯಲ್ಲಿ. ತಂದೆ ಬಡಗಿ. ಅಡಿಲೇಡ್‌ನಲ್ಲಿ ವೈದ್ಯಕೀಯ ಓದಿ, ಮೊದಲ ಮಹಾಯುದ್ಧದಲ್ಲಿ ಸೇನೆಯ ವೈದ್ಯದಳದಲ್ಲಿ ದುಡಿದರು. ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡ್ ಸೇರಿದರು. ಮುಂದೆ ಅಮೆರಿಕದ ಬಾಸ್ಟನ್‌ಗೆ ಹೋಗಿ ಹಾರ್ವೆ ಕುಶಿಂಗ್ ಅವರ ಬಳಿ ಮೆದುಳಿನ ಶಸ್ತ್ರಚಿಕಿತ್ಸೆ ಕಲಿತರು.

ಆಕ್ಸ್‌ಫರ್ಡ್‌ನಲ್ಲಿ ದೊಡ್ಡ ವೈದ್ಯಕೀಯ ಸಂಶೋಧನಾ ಕೇಂದ್ರ ಆಗಬೇಕೆಂದು ಕೇರ್ನ್ಸ್ ಯೋಜನೆ ಬರೆದರು. ಕಾರು ಉದ್ಯಮಿ ಲಾರ್ಡ್ ನಫೀಲ್ಡ್ 1936ರಲ್ಲಿ 20 ಲಕ್ಷ ಪೌಂಡ್ ದಾನ ಕೊಟ್ಟರು. ಕೇರ್ನ್ಸ್ ಅಲ್ಲಿನ ಮೊದಲ ಶಸ್ತ್ರಚಿಕಿತ್ಸಾ ಪ್ರಾಧ್ಯಾಪಕರಾದರು.

ಎರಡನೇ ಮಹಾಯುದ್ಧ ಬಂತು. 1940ರಲ್ಲಿ ಆಕ್ಸ್‌ಫರ್ಡ್‌ನ ಸೇಂಟ್ ಹ್ಯೂಸ್ ಕಾಲೇಜೇ ತಲೆಗೆ ಗಾಯವಾದ ಸೈನಿಕರ ಆಸ್ಪತ್ರೆಯಾಯಿತು. ಯುದ್ಧ ಮುಗಿಯುವುದರೊಳಗೆ 13 ಸಾವಿರಕ್ಕೂ ಹೆಚ್ಚು ಮಂದಿಗೆ ಅಲ್ಲಿ ಚಿಕಿತ್ಸೆ ದೊರೆಯಿತು. ಗಾಯಾಳು ಆಸ್ಪತ್ರೆಗೆ ಬರುವವರೆಗೆ ಕಾಯದೆ ವೈದ್ಯರೇ ರಣರಂಗದ ಹತ್ತಿರ ಹೋಗಲಿ ಎಂದು ಕೇರ್ನ್ಸ್ ಸಂಚಾರಿ ಶಸ್ತ್ರಚಿಕಿತ್ಸಾ ತಂಡಗಳನ್ನೂ ಕಟ್ಟಿದರು.

ಚಿಕಿತ್ಸೆ ಮುಗಿದರೂ ಕೆಲಸ ಮುಗಿಯಲಿಲ್ಲ. ಪ್ರತಿಯೊಬ್ಬರ ವಿವರವನ್ನು ಬರೆದಿಡಲಾಯಿತು. ಕೇರ್ನ್ಸ್ ಅವರ ಜೊತೆಗಾರ ರಿಚಿ ರಸೆಲ್ ಮುಂತಾದವರು ಮನೆಗೆ ಮರಳಿದ ಸೈನಿಕರನ್ನು ವರ್ಷಗಟ್ಟಲೆ ಗಮನಿಸಿದರು. ಮೇಲಿನ ಗಾಯ ಮಾಗಿದರೂ ಕೆಲವರಿಗೆ ಮರೆವು, ಫಿಟ್ಸ್, ಮಾತಿನ ತೊಡಕು ಉಳಿದಿದ್ದವು. ಪೆಟ್ಟು ಬಿದ್ದ ಮೇಲೆ ನೆನಪು ನಿಲ್ಲದ ಅವಧಿ ಉದ್ದವಾದಷ್ಟೂ ಗಾಯ ಗಂಭೀರ ಎಂಬುದನ್ನು ರಸೆಲ್ ತೋರಿಸಿದರು. ವೈದ್ಯರು ಈಗಲೂ ಆ ಅಳತೆ ನೋಡುತ್ತಾರೆ.

ಗುಂಡಿಗಿಂತ ರಸ್ತೆಯೂ ಕಡಿಮೆ ಕ್ರೂರವಲ್ಲ ಎಂದು ಕೇರ್ನ್ಸ್ ಕಂಡುಕೊಂಡರು. ಯುದ್ಧದ ಮೊದಲ 21 ತಿಂಗಳಲ್ಲಿ ಬ್ರಿಟನ್ ರಸ್ತೆಗಳಲ್ಲಿ 2,279 ಬೈಕ್ ಸವಾರರು ಮತ್ತು ಹಿಂಬದಿ ಸವಾರರು ಸತ್ತಿದ್ದರು. ಹೆಚ್ಚಿನವರ ಸಾವಿಗೆ ತಲೆಗೆ ಬಿದ್ದ ಪೆಟ್ಟೇ ಕಾರಣ. ಹೆಲ್ಮೆಟ್ ಹಾಕಿ ಬಿದ್ದ 7 ಮಂದಿ ಮಾತ್ರ ಅವರಿಗೆ ಸಿಕ್ಕಿದರು. ಏಳೂ ಮಂದಿ ಬದುಕಿದ್ದರು. ಇದನ್ನು 1941ರಲ್ಲಿ ಪ್ರಕಟಿಸಿದರು. ಅದೇ ನವೆಂಬರ್‌ನಲ್ಲಿ ಸೇನೆ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಆಮೇಲೆ ಬೈಕ್ ಸವಾರರ ಸಾವು ಇಳಿಮುಖವಾದದ್ದನ್ನು 1946ರಲ್ಲಿ ಅಂಕಿಅಂಶ ಸಹಿತ ತೋರಿಸಿದರು.

1952ರ ಜುಲೈ 18ರಂದು, 56ನೇ ವಯಸ್ಸಿನಲ್ಲಿ, ಕೇರ್ನ್ಸ್ ಕ್ಯಾನ್ಸರ್‌ನಿಂದ ನಿಧನರಾದರು. ಬ್ರಿಟನ್ ಎಲ್ಲ ಬೈಕ್ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದ್ದು 1973ರಲ್ಲಿ. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹಿಂಬದಿ ಸವಾರರಿಗೂ ಇದನ್ನೇ ಹೇಳುತ್ತದೆ. ಗಡಿಯ ಈಚೆಗೂ ಆಚೆಗೂ ಕಾನೂನು ಒಂದೇ. ಚೆಕ್‌ಪೋಸ್ಟ್ ಕಂಡಾಗ ಮಾತ್ರ ಹೆಲ್ಮೆಟ್ ತಲೆಗೇರಿಸಿ, ದಾಟಿದ ಮೇಲೆ ಕೈಗೆ ನೇತುಹಾಕುವವರು ಆ 2,279 ಮಂದಿಯನ್ನು ಒಮ್ಮೆ ನೆನೆಯಲಿ.