ಭುಜ ಕೂಡಿತೇ ಎಂದು ಕೇಳುತ್ತಲೇ ಇದ್ದ ಡಾಕ್ಟರ್

ಭುಜದ ಆಪರೇಷನ್ ಆದ ಮೇಲೆ ಮತ್ತೆ ನೋವು ಕಾಣಿಸಿಕೊಂಡರೆ ಡಾಕ್ಟರು ಎಂಆರ್‌ಐ ಮಾಡಿಸಲು ಹೇಳುತ್ತಾರೆ. ಹೊಲಿದ ಸ್ನಾಯುರಜ್ಜು ಮೂಳೆಗೆ ಕೂಡಿದೆಯೇ, ಮತ್ತೆ ಹರಿದಿದೆಯೇ ಎಂದು ನೋಡಲು. ಈ ಯಂತ್ರ ಬರುವುದಕ್ಕೆ ದಶಕಗಳ ಮೊದಲೇ ಅದೇ ಪ್ರಶ್ನೆ ಹಿಡಿದು ಹಟಕ್ಕೆ ಬಿದ್ದವರು ಅಮೆರಿಕದ ಬಾಸ್ಟನ್ ನಗರದ ಶಸ್ತ್ರವೈದ್ಯ ಅರ್ನೆಸ್ಟ್ ಅಮೋರಿ ಕಾಡ್‌ಮನ್.

1869ರ ಡಿಸೆಂಬರ್ 30ರಂದು ಬಾಸ್ಟನ್‌ನಲ್ಲಿ ಹುಟ್ಟಿದ ಕಾಡ್‌ಮನ್ 1895ರಲ್ಲಿ ಹಾರ್ವರ್ಡ್‌ನಿಂದ ವೈದ್ಯ ಪದವಿ ಪಡೆದರು. ಅದೇ ವರ್ಷ ಎಕ್ಸ್‌ರೇ ಪತ್ತೆಯಾಯಿತು. ಅದನ್ನು ಮೊದಲು ಕೈಗೆತ್ತಿಕೊಂಡ ಬಾಸ್ಟನ್ ವೈದ್ಯರಲ್ಲಿ ಇವರೂ ಒಬ್ಬರು. ಆದರೆ ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಹರಿದ ಸ್ನಾಯುರಜ್ಜು ಕಾಣುವುದಿಲ್ಲ. ಕಾಡ್‌ಮನ್ ರೋಗಿಯ ಕೈ ಎತ್ತಿಸಿ, ಮುಟ್ಟಿ ನೋಡಿ ಅದನ್ನು ಗುರುತಿಸಿದರು. 1909ರಲ್ಲಿ ಹರಿದ ರಜ್ಜನ್ನು ಹೊಲಿದು, 1911ರಲ್ಲಿ ಆ ಬಗ್ಗೆ ಬರೆದರು.

ಹೊಲಿದ ಮೇಲೆ ಏನಾಯಿತು? ಪ್ರತಿ ರೋಗಿಗೂ ಒಂದು ಕಾರ್ಡ್ ಇಟ್ಟು, ವರ್ಷದ ನಂತರ ಕರೆಸಿ ನೋಡಬೇಕು, ಗುಣವಾಗದಿದ್ದರೆ ಕಾರಣ ಬರೆಯಬೇಕು ಎಂಬುದು ಅವರ ವಾದ. ದೊಡ್ಡ ಡಾಕ್ಟರುಗಳಿಗೆ ಇದು ರುಚಿಸಲಿಲ್ಲ. ಬಡ್ತಿಗೆ ಹಿರಿತನವೇ ಸಾಕೆಂಬ ಪದ್ಧತಿಯನ್ನು ಪ್ರತಿಭಟಿಸಿ 1914ರಲ್ಲಿ ಅವರು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ ಬಿಟ್ಟರು. 1915ರ ಜನವರಿಯಲ್ಲಿ ತುಂಬಿದ ಸಭೆಯಲ್ಲಿ ಒಂದು ವ್ಯಂಗ್ಯಚಿತ್ರ ಬಿಡಿಸಿಟ್ಟರು. ಮರಳಲ್ಲಿ ತಲೆ ಹುದುಗಿಸಿದ ಉಷ್ಟ್ರಪಕ್ಷಿಯೊಂದು ಚಿನ್ನದ ಮೊಟ್ಟೆಗಳನ್ನು ವೈದ್ಯರತ್ತ ಒದೆಯುತ್ತಿದೆ! ಉಷ್ಟ್ರಪಕ್ಷಿ ಯಾರೆಂದು ಊರಿನ ಶ್ರೀಮಂತರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಾರ್ವರ್ಡ್‌ನ ಬೋಧಕ ಹುದ್ದೆಯೂ ಹೋಯಿತು. ಸ್ವಲ್ಪ ಅತಿಯಾಯಿತು ಎನ್ನುವವರೂ ಇದ್ದಾರೆ.

ಕಾಡ್‌ಮನ್ ಪರರಿಗೆ ಮಾತ್ರ ಬುದ್ಧಿ ಹೇಳಲಿಲ್ಲ. 1911ರಿಂದ 1916ರವರೆಗೆ ತಮ್ಮದೇ ಪುಟ್ಟ ಆಸ್ಪತ್ರೆಯಿಂದ ಹೊರಹೋದ 337 ರೋಗಿಗಳಲ್ಲಿ 123 ತಪ್ಪುಗಳಾಗಿವೆ ಎಂದು ತಾವೇ ಅಚ್ಚು ಹಾಕಿಸಿದರು. 1934ರಲ್ಲಿ ಸ್ವಂತ ಖರ್ಚಿನಲ್ಲಿ ಭುಜದ ಬಗ್ಗೆ ದೊಡ್ಡ ಗ್ರಂಥ ತಂದರು. ಬಗ್ಗಿ ನಿಂತು ಕೈಯನ್ನು ಲೋಲಕದಂತೆ ತೂಗುವ ವ್ಯಾಯಾಮವನ್ನು ಫಿಸಿಯೋಥೆರಪಿಯವರು ಇಂದಿಗೂ ಕಾಡ್‌ಮನ್ ಹೆಸರಿನಲ್ಲೇ ಕಲಿಸುತ್ತಾರೆ.

ಅವರ ಪ್ರಶ್ನೆಗೆ ಎಂಆರ್‌ಐ ಕೂಡ ಸಲೀಸಾಗಿ ಉತ್ತರ ಕೊಡುವುದಿಲ್ಲ. ಮೂಳೆಗೆ ಹಾಕಿದ ಲೋಹದ ತಿರುಪು ಚಿತ್ರವನ್ನು ಕೆಡಿಸುತ್ತದೆ. ಮೊದಲ ತಿಂಗಳುಗಳಲ್ಲಿ ಮಾಯುತ್ತಿರುವ ರಜ್ಜೇ ಹರಿದಂತೆ ಕಾಣಬಹುದು. ಇನ್ನು ಕೆಲವರಿಗೆ ನೋವಿಲ್ಲ, ಕೈ ಏಳುತ್ತದೆ, ಚಿತ್ರದಲ್ಲಿ ಮಾತ್ರ ತೂತು! ಹಾಗಾಗಿ ಚಿತ್ರದ ಜೊತೆಗೆ ರೋಗಿಯನ್ನೂ ಕರೆದು ಕೈ ಎತ್ತಿಸಿ ನೋಡಲೇಬೇಕು.

1940ರ ನವೆಂಬರ್ 23ರಂದು ಕಾಡ್‌ಮನ್ ಚರ್ಮದ ಕ್ಯಾನ್ಸರ್‌ನಿಂದ ತೀರಿಕೊಂಡರು. ಮೌಂಟ್ ಆಬರ್ನ್ ಸ್ಮಶಾನದಲ್ಲಿ ಅವರ ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ. ವೈದ್ಯ ಸಂಘಟನೆಗಳು ಸೇರಿ ಅಲ್ಲೊಂದು ಕಲ್ಲು ನಿಲ್ಲಿಸಿದ್ದು 2014ರಲ್ಲಿ.